ಮಾರ್ಜ್ ವಿಮಾನದ ಗುರುತು: ಕಾಗದದ ಮುಖ, ತಗಡಿನ ಮೂರು ಅಂಕಿ

2024ರ ಮೇ 15ರಂದು ಪಪುವಾ ನ್ಯೂಗಿನಿಯ ಮಡಾಂಗ್ ಪ್ರಾಂತ್ಯದ ಕಾಡಿನಲ್ಲಿ ಒಂದು ಪಿ-38 ಲೈಟ್ನಿಂಗ್ ಯುದ್ಧವಿಮಾನದ ಅವಶೇಷ ಸಿಕ್ಕಿತು. ಹುಡುಕಿದವರು ಜಸ್ಟಿನ್ ಟೈಲನ್ ಮುಂದಾಳತ್ವದ ಪೆಸಿಫಿಕ್ ರೆಕ್ಸ್ ಸಂಸ್ಥೆಯವರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಊರಿನಲ್ಲಿರುವ ರಿಚರ್ಡ್ ಐ. ಬಾಂಗ್ ವೆಟರನ್ಸ್ ಹಿಸ್ಟಾರಿಕಲ್ ಸೆಂಟರ್ ಅವರ ಜೊತೆಗೂಡಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಎರಡೂ ಸಂಸ್ಥೆಗಳು ಹುಡುಕಾಟದ ಸುದ್ದಿ ಹೊರಹಾಕಿದ್ದವು, ಮೇ 23ರಂದು ವಿಮಾನ ಸಿಕ್ಕಿದ್ದನ್ನು ಪ್ರಕಟಿಸಿದವು. ಅದು ‘ಮಾರ್ಜ್’, ಸರಣಿ ಸಂಖ್ಯೆ 42-103993, ಎರಡನೇ ಮಹಾಯುದ್ಧದಲ್ಲಿ ಅತಿ ಹೆಚ್ಚು ವಿಮಾನಗಳನ್ನು ಉರುಳಿಸಿದ ಅಮೆರಿಕನ್ ಪೈಲಟ್ ರಿಚರ್ಡ್ ಬಾಂಗ್ ಅವರದ್ದು.

ಆ ವಿಮಾನ ಲೋಕಪ್ರಸಿದ್ಧವಾದದ್ದು ಮೂಗಿನ ಮೇಲೆ ಅಂಟಿಸಿದ್ದ ಒಬ್ಬ ಯುವತಿಯ ಚಿತ್ರದಿಂದ. ಕಾಡಿನಲ್ಲಿ ಅದರ ಗುರುತು ಹಿಡಿಯುವಾಗ ಆ ಚಿತ್ರದಿಂದ ಏನೂ ಉಪಯೋಗವಾಗಲಿಲ್ಲ. ಕೆಲಸಕ್ಕೆ ಬಂದದ್ದು ರೆಕ್ಕೆತುದಿಯ ಮೇಲಿದ್ದ ಮೂರು ಅಂಕಿ, ಒಂದು ಲೋಹದ ತುಂಡಿನ ಮೇಲಿದ್ದ ಮಾದರಿಯ ಹೆಸರು, ಮತ್ತು ಒಂದಿಷ್ಟು ಕೆಂಪು ಬಣ್ಣ. ಅಷ್ಟು ಸಾಕಾಯಿತೇಕೆ, ಚಿತ್ರ ಉಳಿಯದೆ ಹೋಗುವುದೇಕೆ, ಇಂಥ ಜಾಗದಲ್ಲಿ ಕೈ ಹಾಕುವವರು ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಈ ಪ್ರಕರಣ ಒಳ್ಳೆಯ ಪಾಠ.

ಮನುಷ್ಯ, ವಿಮಾನ

ಬಾಂಗ್ ಹುಟ್ಟಿದ್ದು 1920ರ ಸೆಪ್ಟೆಂಬರ್ 24ರಂದು, ಬೆಳೆದದ್ದು ವಿಸ್ಕಾನ್ಸಿನ್‌ನ ಪಾಪ್ಲರ್ ಎಂಬ ಹಳ್ಳಿಯ ಹೊಲದ ಮನೆಯಲ್ಲಿ. 1942ರ ಡಿಸೆಂಬರ್ 27ರಂದು ನ್ಯೂಗಿನಿಯಲ್ಲಿ ಮೊದಲ ಬೇಟೆ. ಯುದ್ಧ ಮುಗಿಯುವ ಹೊತ್ತಿಗೆ ಅವರ ಲೆಕ್ಕ 40. ಮೊದಲ ಮಹಾಯುದ್ಧದ ಎಡ್ಡಿ ರಿಕನ್‌ಬ್ಯಾಕರ್ ಅವರ 26ರ ದಾಖಲೆಯನ್ನು 1944ರ ಏಪ್ರಿಲ್‌ನಲ್ಲೇ ಅವರು ದಾಟಿದ್ದರು. 1945ರ ಆಗಸ್ಟ್ 6ರಂದು, ಹಿರೋಷಿಮಾ ಸುಟ್ಟ ದಿನವೇ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ಪಿ-80 ಜೆಟ್ ಹಾರಿಸುವಾಗ ತೀರಿಕೊಂಡರು.

ಬಾಂಗ್ ಹಾರಿಸಿದ ಪಿ-38 ಒಂದೇ ಅಲ್ಲ, ಹಲವು. ‘ಬಾಂಗ್ ವಿಮಾನ’ ಎಂದು ಎಲ್ಲಾದರೂ ಬರೆದಿದ್ದರೆ ಯಾವುದು ಎಂದು ಕೇಳಿಯೇ ಮುಂದೆ ಹೋಗಬೇಕು. ಮಾರ್ಜ್ ವಿಮಾನ ಬಾಂಗ್ ಬಳಿ ಇದ್ದದ್ದು 1944ರ ಮೊದಲ ತಿಂಗಳುಗಳಲ್ಲಿ, ಕೆಲವೇ ವಾರ.

ಅದು ಪಿ-38ಜೆ-15 ಮಾದರಿ, ಬಣ್ಣ ಬಳಿಯದ ಹೊಳೆಯುವ ಅಲ್ಯೂಮಿನಿಯಂ ಮೈ. ಎರಡು ಆಲಿಸನ್ ವಿ-1710 ಎಂಜಿನ್, ಪ್ರತಿಯೊಂದಕ್ಕೂ ಹನ್ನೆರಡು ಸಿಲಿಂಡರ್, ದ್ರವದಿಂದ ತಂಪಾಗುವ ವ್ಯವಸ್ಥೆ, ಟರ್ಬೊ. ರೆಕ್ಕೆಯ ಅಗಲ 15.85 ಮೀಟರ್. ಎಂಜಿನ್‌ಗಳು ಎರಡು ಬದಿಯಲ್ಲಿ ಬಾಲದ ತನಕ ಚಾಚಿದ ಉದ್ದನೆಯ ಬೂಮ್‌ಗಳಲ್ಲಿ, ಪೈಲಟ್ ನಡುವಿನ ತೊಟ್ಟಿಯಲ್ಲಿ, ಅವನ ಮುಂದೆ ಮೂಗಿನಲ್ಲಿ ನಾಲ್ಕು .50 ಬ್ರೌನಿಂಗ್ ಮಷೀನ್‌ಗನ್ ಮತ್ತು ಒಂದು 20 ಮಿ.ಮೀ. ಫಿರಂಗಿ.

ಈ ರಚನೆಯೇ ಮೂಗಿನ ಚಿತ್ರದ ಹಣೆಬರಹವನ್ನೂ ಬರೆಯಿತು. ಒಂದೇ ಎಂಜಿನ್ ಇರುವ ಬಹುತೇಕ ಫೈಟರ್‌ಗಳಲ್ಲಿ ಮೂಗು ಎಂದರೆ ಎಂಜಿನ್‌ನ ಹೊದಿಕೆ. ಅದು ಕಾಯುತ್ತದೆ, ಎಣ್ಣೆ ಕಾರುತ್ತದೆ, ಮೆಕ್ಯಾನಿಕ್‌ಗಳು ಆಗಾಗ ಅದನ್ನು ಬಿಚ್ಚುತ್ತಾರೆ. ಪಿ-38ರ ಮೂಗಿನಲ್ಲಿ ಎಂಜಿನ್ ಇಲ್ಲ, ಎದುರಿಗೆ ಪ್ರೊಪೆಲ್ಲರ್ ಇಲ್ಲ. ತಂಪಾದ, ಎಣ್ಣೆ ತಾಗದ, ಎರಡು ಬದಿಗೂ ಅಗಲವಾದ ತಗಡು. ಕಾಗದ ಅಂಟಿಸುವ ಯೋಚನೆ ಬೇರೆ ಹೆಚ್ಚಿನ ಫೈಟರ್‌ಗಳ ಮೇಲೆ ಇಷ್ಟು ಸಲೀಸಾಗುತ್ತಿರಲಿಲ್ಲ.

ಆ ಚಿತ್ರ

1943ರ ಕೊನೆಯಲ್ಲಿ ರಜೆಯ ಮೇಲೆ ಊರಿಗೆ ಹೋದಾಗ ಬಾಂಗ್‌ಗೆ ಮಾರ್ಜರಿ ವ್ಯಾಟೆಂಡಾಲ್ ಅವರ ಪರಿಚಯವಾಯಿತು. ನ್ಯೂಗಿನಿಗೆ ಮರಳಿದ ಮೇಲೆ ಅವರ ಭಾವಚಿತ್ರವನ್ನು ದೊಡ್ಡದು ಮಾಡಿಸಿ, ಬಣ್ಣ ಹಚ್ಚಿಸಿ, ಮೂಗಿನ ಎಡಬದಿಗೆ ಅಂಟಿಸಿ, ಮೇಲೆ ವಾರ್ನಿಷ್ ಹೊಡೆಸಿದರು. ಪಕ್ಕದಲ್ಲಿ ‘ಮಾರ್ಜ್’ ಎಂಬ ಹೆಸರು, ಉರುಳಿಸಿದ ವಿಮಾನಗಳ ಲೆಕ್ಕಕ್ಕೆ ಪುಟ್ಟ ಜಪಾನಿ ಬಾವುಟಗಳು. 1945ರ ಫೆಬ್ರುವರಿ 10ರಂದು ಅವರಿಬ್ಬರ ಮದುವೆಯಾಯಿತು.

ಅಂದರೆ ಇಲ್ಲಿ ಎರಡು ಬಗೆಯ ವಸ್ತು ಅಕ್ಕಪಕ್ಕ ಇದ್ದವು. ಹೆಸರು ಮತ್ತು ಬಾವುಟ ತಗಡಿನ ಮೇಲಿನ ಬಣ್ಣ. ಮುಖ ಮಾತ್ರ ಕಾಗದ. ಆ ಕಾಲದ ಫೋಟೊ ಪ್ರಿಂಟ್ ಎಂದರೆ ಕಾಗದದ ಮೇಲೆ ಜೆಲಾಟಿನ್ ಪದರ, ಅದರೊಳಗೆ ಬೆಳ್ಳಿಯ ಕಣ. ಜೆಲಾಟಿನ್ ಪ್ರಾಣಿಜನ್ಯ, ಬೂಷ್ಟಿಗೆ ಹಬ್ಬದೂಟ. ವಾರ್ನಿಷ್ ಮೇಲಿನಿಂದ ಬರುವ ಮಳೆಯನ್ನು ತಡೆಯುತ್ತದೆ, ಅಂಚಿನಿಂದ ನುಗ್ಗುವ ತೇವವನ್ನು ತಡೆಯುವುದಿಲ್ಲ. ಬಿಸಿಲಿಗೆ ತಗಡು ಹಿಗ್ಗುತ್ತದೆ, ಎತ್ತರದಲ್ಲಿ ಚಳಿಗೆ ಕುಗ್ಗುತ್ತದೆ, ಕಾಗದ ಅದರ ಜೊತೆ ಹೆಜ್ಜೆ ಹಾಕುವುದಿಲ್ಲ. ಒಳಗೆ ಐದು ಬಂದೂಕು ಒಟ್ಟಿಗೆ ಅದುರಿಸುತ್ತವೆ. ಹಾರುವ ಸ್ಥಿತಿಯಲ್ಲೇ ಅಂಥ ಚಿತ್ರಕ್ಕೆ ಆಗಾಗ ಆರೈಕೆ ಬೇಕು. ಎಂಬತ್ತು ವರ್ಷ ಮಳೆಕಾಡಿನಲ್ಲಿ ಅದು ಉಳಿಯಬೇಕೆಂದರೆ ಪವಾಡವೇ ಆಗಬೇಕು.

ಇನ್ನೊಂದು ಮಾತು. ಇಂದು ಮಾದರಿ ಕಟ್ಟುವವರು, ಪೋಸ್ಟರ್ ಮಾಡುವವರು ಆ ಮುಖಕ್ಕೆ ಕೊಡುವ ಬಣ್ಣಗಳು ಬಹುಮಟ್ಟಿಗೆ ಊಹೆ. ಮೂಲ ಕಪ್ಪು-ಬಿಳುಪು ಫೋಟೊ, ಅದರ ಮೇಲೆ ಕೈಯಿಂದ ಹಚ್ಚಿದ ಬಣ್ಣ, ಆ ವಿಮಾನದ ಪರಿಚಿತ ಫೋಟೊಗಳೂ ಮತ್ತೆ ಕಪ್ಪು-ಬಿಳುಪು. ಅವುಗಳಿಂದ ಚಿತ್ರದ ಜಾಗ, ಅಳತೆಯ ಪ್ರಮಾಣ, ಅಕ್ಷರದ ಬಳುಕು ನಿಖರವಾಗಿ ತೆಗೆಯಬಹುದು. ತುಟಿಯ ಕೆಂಪು ಎಷ್ಟು ಗಾಢ ಎಂಬುದನ್ನು ತೆಗೆಯಲಾಗದು.

ಬಿದ್ದದ್ದು

1944ರ ಮಾರ್ಚ್‌ನಲ್ಲಿ ಮಾರ್ಜ್ ಹಾರಿಸುತ್ತಿದ್ದದ್ದು ಬಾಂಗ್ ಅಲ್ಲ, ಥಾಮಸ್ ಮಲೋನ್ ಎಂಬ ಬೇರೆ ಪೈಲಟ್. ಎಂಜಿನ್ ಕೈಕೊಟ್ಟು ವಿಮಾನ ಗಿರಕಿ ಹೊಡೆಯತೊಡಗಿದಾಗ ಅವರು ಪ್ಯಾರಾಚೂಟ್ ಹಿಡಿದು ಹಾರಿಕೊಂಡರು. ಖಾಲಿ ವಿಮಾನ ಕಾಡಿಗೆ ಬಿತ್ತು.

ಪೈಲಟ್ ಬದುಕಿದ್ದು ಅವಶೇಷ ಹುಡುಕುವವರ ಪಾಲಿಗೆ ಎರಡು ರೀತಿಯಲ್ಲಿ ದೊಡ್ಡ ಸಂಗತಿ. ಒಂದು, ಅಲ್ಲಿ ಮಾನವ ಅವಶೇಷ ಇರುವ ಸಾಧ್ಯತೆ ಇಲ್ಲ. ಇದ್ದಿದ್ದರೆ ಜಾಗವನ್ನು ಮುಟ್ಟದೆ ಸುದ್ದಿ ಮುಟ್ಟಿಸಿ ಹಿಂದೆ ಸರಿಯಬೇಕಿತ್ತು. ಎರಡು, ವಿಮಾನ ನಿಯಂತ್ರಣವಿಲ್ಲದೆ ಬಿದ್ದಿದೆ ಎಂದು ಮೊದಲೇ ಗೊತ್ತು. ಹೊಟ್ಟೆಯ ಮೇಲೆ ಇಳಿಸಿದ ವಿಮಾನ ಒಂದೇ ಕಡೆ ಇಡಿಯಾಗಿ ಸಿಗುತ್ತದೆ. ಗಿರಕಿಯಲ್ಲಿ ಬಿದ್ದದ್ದು ಮೂಗು ಊರಿ ನೆಲಕ್ಕಿಳಿಯುತ್ತದೆ, ಹಗುರಾದ ತುದಿಗಳು ಸಿಡಿದು ಸುತ್ತ ಹರಡುತ್ತವೆ. ಹುಡುಕುವ ಕಣ್ಣಿಗೆ ವಿಮಾನದ ಆಕಾರವೇ ಕಾಣುವುದಿಲ್ಲ.

ಹಾಗೇ ಆಗಿತ್ತು. ವಿಮಾನ ಒಂದು ಹಳೆಯ ಪ್ಲಾಂಟೇಶನ್ ಜಮೀನಿನಲ್ಲಿ ಬಿದ್ದಿದೆ ಎಂಬ ಸುಳಿವು ದಾಖಲೆಗಳಲ್ಲಿತ್ತು. ಊರಿನವರು ಮೊದಲು ತಂಡವನ್ನು ಕರೆದೊಯ್ದದ್ದು ಒಂದು ಜಪಾನಿ ಫೈಟರ್‌ನ ಅವಶೇಷದ ಬಳಿಗೆ. ಆಮೇಲೆ, ಕಾಡಿನೊಳಗೆ ಇನ್ನೂ ದೂರ ಮತ್ತೊಂದಿದೆ ಎಂದರು. ಹುಡುಕಾಟ ಬಹಳ ಸಲ ಇಲ್ಲೇ ತಪ್ಪುತ್ತದೆ: ಮೊದಲ ಅವಶೇಷ ಬೇರೆಯದು ಎಂದು ತಿಳಿದ ಕೂಡಲೇ ಹೊರಗಿನವರು ಗಂಟುಮೂಟೆ ಕಟ್ಟುತ್ತಾರೆ. ಕಾಡಿನವರಿಗೆ ‘ಅಮೆರಿಕದ್ದು’, ‘ಜಪಾನಿನದ್ದು’ ಎಂಬ ಭೇದ ಮುಖ್ಯವಲ್ಲ, ವಿಮಾನ ಕೇಳಿದರು, ಹತ್ತಿರದ್ದನ್ನು ತೋರಿಸಿದರು. ‘ಬೇರೆ ಇದೆಯೇ?’ ಎಂಬ ಎರಡನೇ ಪ್ರಶ್ನೆಗೆ ಬರುವ ಉತ್ತರವೇ ಬೆಲೆಯುಳ್ಳದ್ದು. ಎರಡು ಎಂಜಿನ್, ಎರಡು ಬಾಲ ಎಂದು ಕೈಸನ್ನೆಯಲ್ಲಿ ತೋರಿಸಿ, ಪಿ-38ರ ಚಿತ್ರವನ್ನೇ ಮುಂದಿಟ್ಟು ಕೇಳಿದರೆ ಇನ್ನೂ ಒಳ್ಳೆಯದು.

ಕೊನೆಗೆ ಸಿಕ್ಕಿದ್ದು ಒಂದು ಕೊರಕಲಿನಲ್ಲಿ ಚೆದುರಿದ ತಗಡು, ಮತ್ತು ಅದರ ಮೇಲ್ತುದಿಯಲ್ಲಿ ನೆಲದಿಂದ ಹೊರಚಾಚಿದ ಎರಡು ಎಂಜಿನ್. ಮೂಗು ಊರಿ ಬಿದ್ದು ಹೂತುಹೋಗಿದೆ ಎಂಬುದಕ್ಕೆ ಎಂಜಿನ್‌ಗಳ ಆ ನಿಲುವೇ ಸಾಕ್ಷಿ.

ಗುರುತು ಹೇಗೆ ಕಟ್ಟಿಕೊಂಡಿತು

ಮೊದಲ ಜರಡಿ ಎಂಜಿನ್. ನ್ಯೂಗಿನಿಯ ಆಕಾಶದಲ್ಲಿದ್ದ ಎರಡು ಎಂಜಿನ್‌ನ ವಿಮಾನಗಳು ಬಹುತೇಕ ನಕ್ಷತ್ರಾಕಾರದ, ಗಾಳಿಯಿಂದ ತಂಪಾಗುವ ಎಂಜಿನ್‌ನವು: ಬಿ-25, ಎ-20, ಬಿ-26, ಬ್ಯೂಫೈಟರ್, ಜಪಾನಿನ ಬಾಂಬರ್‌ಗಳು. ವಿ ಆಕಾರದಲ್ಲಿ ಆರಾರು ಸಿಲಿಂಡರ್ ಸಾಲು ಇರುವ ಎಂಜಿನ್ ಜೋಡಿ ಸಿಕ್ಕರೆ ಅದು ಪಿ-38 ಎಂದು ಹೆಚ್ಚೂಕಡಿಮೆ ಹೇಳಿಬಿಡಬಹುದು. ತಗಡೆಲ್ಲ ಗುಜರಿಗೆ ಹೋಗಿದ್ದರೂ ಎಂಜಿನ್ ಭಾರಕ್ಕೆ ಅಲ್ಲೇ ಉಳಿದಿರುತ್ತದೆ.

ಎರಡನೆಯದು ಮಾದರಿ. ಒಂದು ಲೋಹದ ತುಂಡಿನ ಮೇಲೆ ‘ಮಾಡೆಲ್ ಪಿ-38 ಜೆಕೆ’ ಎಂಬ ಅಚ್ಚು ಇತ್ತು. ಅದರಿಂದ ಹಿಂದಿನ ಎಫ್, ಜಿ, ಎಚ್ ಮಾದರಿಗಳು ಲೆಕ್ಕದಿಂದ ಹೊರಬಿದ್ದವು. ಬೇಟೆ ಜೆ ಮಾದರಿಗೆ ಇಳಿಯಿತು. ಆದರೂ ಅವೇ 2,970 ತಯಾರಾಗಿದ್ದವು.

ಮೂರನೆಯದು ‘993’, ರೆಕ್ಕೆತುದಿಯ ಮೇಲೆ. ಕಾರ್ಖಾನೆಯಲ್ಲಿ ಬಿಚ್ಚಿ ಜೋಡಿಸುವ ಭಾಗಗಳಿಗೆ, ಅಂದರೆ ರೆಕ್ಕೆತುದಿ, ಹೊದಿಕೆ, ಬಾಗಿಲುಗಳಿಗೆ, ಸರಣಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಬರೆದಿಡುವುದು ವಾಡಿಕೆ. ಕೈಯಿಂದ ಹೊಂದಿಸಿದ ತಗಡು ಪಕ್ಕದ ವಿಮಾನಕ್ಕೆ ಸರಿಯಾಗಿ ಕೂರುವುದಿಲ್ಲ, ರಿವೆಟ್ ತೂತು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತದೆ. ಗಿರಾಕಿಯ ಬಟ್ಟೆಗೆ ಟೈಲರ್ ಕಟ್ಟುವ ಚೀಟಿಯ ಹಾಗೆ ಈ ಅಂಕಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ಅಂಕಿ ಸಿಕ್ಕ ಸಂತೋಷದಲ್ಲಿ ಬಹಳ ಜನ ಹಳ್ಳಕ್ಕೆ ಬಿದ್ದಿದ್ದಾರೆ. 993ರಿಂದ ಮುಗಿಯುವ ಪಿ-38 ಒಂದೇ ಅಲ್ಲ. ಜೆ-15 ಮಾದರಿಯ 1,400 ವಿಮಾನಗಳ ಸಂಖ್ಯೆ ಮೂರು ಸಾಲಿನಲ್ಲಿದೆ: 42-103979ರಿಂದ 42-104428, 43-28248ರಿಂದ 43-29047, 44-23059ರಿಂದ 44-23208. ಮಾರ್ಜ್ ಮೊದಲ ಸಾಲಿನ ಹದಿನೈದನೆಯದು. ಎರಡನೇ ಸಾಲಿನಲ್ಲಿ 43-28993 ಇದೆ. ಜೆ-10 ಮಾದರಿಯ ಸಾಲಿನಲ್ಲಿ (42-67402ರಿಂದ 42-68191) 42-67993 ಇದೆ. ಮೂರಕ್ಕೂ ಕೊನೆಯ ಅಂಕಿಗಳು ಅವೇ, ಮೂರೂ ಜೆ. ಇದರ ಜೊತೆಗೆ ಮುಂಚೂಣಿ ನೆಲೆಗಳಲ್ಲಿ ಒಂದರ ರೆಕ್ಕೆತುದಿ ಕಿತ್ತು ಇನ್ನೊಂದಕ್ಕೆ ಹಾಕುವುದು ದಿನನಿತ್ಯದ ಕೆಲಸ. ಗುಂಡು ತಾಗಿದ ವಿಮಾನಕ್ಕೆ ಬಿಡಿಭಾಗ ಬರುವತನಕ ಯಾರೂ ಕಾಯುತ್ತಿರಲಿಲ್ಲ. ಹಾಗಾಗಿ ಒಂಟಿ ತುಂಡಿನ ಮೇಲಿನ ಅಂಕಿ ‘ಈ ತುಂಡು ಆ ವಿಮಾನಕ್ಕೆಂದು ತಯಾರಾಯಿತು’ ಎಂದಷ್ಟೇ ಹೇಳುತ್ತದೆ.

ಅದನ್ನು ಗಟ್ಟಿಮಾಡಿದ್ದು ಉಳಿದ ಸಂಗತಿಗಳು. ಅವಶೇಷ ಸಿಕ್ಕ ಜಾಗ ದಾಖಲೆಯ ಸುಳಿವಿಗೆ ಹೊಂದುತ್ತದೆ. ಬಿದ್ದ ರೀತಿ ಮಲೋನ್ ವಿಮಾನ ಬಿದ್ದ ರೀತಿಗೆ ಹೊಂದುತ್ತದೆ. ರೆಕ್ಕೆತುದಿಯ ಮೇಲೆ ಕೆಂಪು ಬಣ್ಣ ಇದೆ, ಬಾಂಗ್ ವಿಮಾನದ ರೆಕ್ಕೆತುದಿಗಳೂ ಕೆಂಪು.

ಕೆಂಪಿನ ತೂಕವನ್ನೂ ಸರಿಯಾಗಿ ಅಳೆಯಬೇಕು. ಜಪಾನಿನ ಸೂರ್ಯನ ಗುರುತಿನೊಂದಿಗೆ ಗೊಂದಲವಾಗಬಾರದೆಂದು 1942ರ ಮೇ ತಿಂಗಳಲ್ಲಿ ಅಮೆರಿಕ ತನ್ನ ವಿಮಾನಗಳ ಗುರುತಾದ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನೇ ತೆಗೆದಿತ್ತು. 1943ರಲ್ಲಿ ಗುರುತಿನ ಸುತ್ತ ಬಂದ ಕೆಂಪು ಅಂಚು ಕೆಲವೇ ತಿಂಗಳಲ್ಲಿ ನೀಲಿಯಾಯಿತು. ಆದ್ದರಿಂದ 1944ರ ಪೆಸಿಫಿಕ್‌ನಲ್ಲಿ ಅಮೆರಿಕನ್ ರೆಕ್ಕೆಯ ಮೇಲೆ ಕೆಂಪು ಕಂಡರೆ ಅದು ಯಾರೋ ಬೇಕೆಂದೇ ಹಚ್ಚಿದ್ದು. ಹಾಗೆಂದು ಬಾಂಗ್ ಒಬ್ಬರೇ ಹಚ್ಚಿದವರಲ್ಲ. ಕೆಂಪನ್ನೇ ತಮ್ಮ ಬಣ್ಣವಾಗಿ ಇಟ್ಟುಕೊಂಡ ಪಿ-38 ಸ್ಕ್ವಾಡ್ರನ್‌ಗಳು ನ್ಯೂಗಿನಿಯಲ್ಲಿದ್ದವು. ಕೆಂಪು ಬೆಂಬಲದ ಸಾಕ್ಷ್ಯ, ಒಂಟಿಯಾಗಿ ನಿಲ್ಲುವುದಲ್ಲ. ಅದೇ ತುಂಡಿನ ಮೇಲೆ 993 ಮತ್ತು ಕೆಂಪು ಎರಡೂ ಇದ್ದದ್ದೇ ಈ ಪ್ರಕರಣದ ಬಲ. ಬಿಡಿಬಿಡಿಯಾಗಿ ಎಲ್ಲವೂ ಬೀಳುವಂಥ ಕಂಬಗಳು, ಒಟ್ಟಿಗೆ ಕಟ್ಟಿದಾಗ ಅಲುಗಾಡುವುದಿಲ್ಲ.

ಬಾಲದ ರೆಕ್ಕೆಯ ತುಂಡು ಸಿಕ್ಕರೆ ಇನ್ನೂ ನೇರ. ಅಲ್ಲಿ ಸಂಖ್ಯೆಯನ್ನು ವರ್ಷ ಸೂಚಿಸುವ ಜೋಡಿಯ (ಇಲ್ಲಿ 42) ಮೊದಲ ಅಂಕಿ ಬಿಟ್ಟು ಬರೆಯುತ್ತಿದ್ದರು, 42-103993 ಎಂಬುದು 2103993 ಆಗುತ್ತದೆ. ಕಾಡಿನಲ್ಲಿ ‘2103’ ಎಂಬಷ್ಟು ಕಂಡರೂ ಸಾಕು, ಸಾಲು ಯಾವುದೆಂದು ತೀರ್ಮಾನವಾಗುತ್ತದೆ.

ಮುಟ್ಟುವ ಮುನ್ನ

ಸ್ಟೆನ್ಸಿಲ್‌ನಿಂದ ಬರೆದ ಅಂಕಿ ಮತ್ತು ಪಂಚ್‌ನಿಂದ ಒತ್ತಿದ ಅಂಕಿ ಬೇರೆ ಬೇರೆ ಆರೈಕೆ ಕೇಳುತ್ತವೆ. ಒತ್ತಿದ್ದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬಹುದು. ಸ್ಟೆನ್ಸಿಲ್ ಮೇಲೆ ಅದನ್ನು ಮಾಡಿದರೆ ಬಣ್ಣ ಕಾಗದದ ಜೊತೆ ಎದ್ದು ಬರುತ್ತದೆ. ಸ್ಟೆನ್ಸಿಲ್‌ಗೆ ಬೆಳಕೇ ಮದ್ದು: ತಗಡಿಗೆ ನೆರಳು ಮಾಡಿ, ಟಾರ್ಚನ್ನು 10-15 ಡಿಗ್ರಿ ಓರೆಯಲ್ಲಿ ನಾಲ್ಕೂ ದಿಕ್ಕಿನಿಂದ ಹಿಡಿದು ಒಂದೊಂದು ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡ್. ಬಣ್ಣ ಹೋಗಿದ್ದರೂ ಅದು ಮುಚ್ಚಿದ್ದ ಜಾಗದ ತಗಡು ಬೇರೆಯಾಗಿ ಸವೆದಿರುತ್ತದೆ, ಅಂಕಿಯ ನೆರಳು ಮೂಡುತ್ತದೆ. ಫೋಟೊ ಮುಗಿಯುವ ತನಕ ತೊಳೆಯಬಾರದು. ಆಮೇಲೂ ಮೃದು ಕುಂಚ ಮತ್ತು ಶುದ್ಧ ನೀರಷ್ಟೇ. ತಂತಿ ಬ್ರಷ್ ಹಿಡಿದವನು ಎಂಬತ್ತು ವರ್ಷದ ಮಳೆ ಮಾಡದ ಹಾನಿಯನ್ನು ಹತ್ತು ಸೆಕೆಂಡಿನಲ್ಲಿ ಮಾಡುತ್ತಾನೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತೀಡುವ ಚಟವೂ ಬೇಡ, ಅದು ಬಿರುಕಿನೊಳಗೆ ಕುಳಿತರೆ ಹೊರಬರುವುದಿಲ್ಲ.

ಏಳುತ್ತಿರುವ ಬಣ್ಣವನ್ನು ಹಿಡಿದಿಡಲು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು 3ರಿಂದ 5 ಶೇಕಡಾ ದ್ರಾವಣದಲ್ಲಿ ಹಚ್ಚುವ ರೂಢಿಯಿದೆ. ಅದನ್ನು ಸಾಮಾನ್ಯವಾಗಿ ಅಸಿಟೋನ್‌ನಲ್ಲಿ ಕರಗಿಸುತ್ತಾರೆ, ಯುದ್ಧಕಾಲದ ಲ್ಯಾಕರ್ ಬಣ್ಣವೂ ಅಸಿಟೋನ್‌ಗೆ ಕರಗುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡದೆ ಮುಂದುವರಿದರೆ ಉಳಿಸಲು ಹೊರಟ ಬಣ್ಣವೇ ಕುಂಚಕ್ಕೆ ಬರುತ್ತದೆ.

ಇದೆಲ್ಲಕ್ಕೂ ಮೊದಲು ಅನುಮತಿ. ಪಪುವಾ ನ್ಯೂಗಿನಿಯಲ್ಲಿ ಯುದ್ಧದ ಅವಶೇಷಗಳು ಸರ್ಕಾರದ ಸ್ವತ್ತು, ಅವುಗಳ ಹೊಣೆ ಪೋರ್ಟ್ ಮೋರ್ಸ್‌ಬಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ್ದು. ನೆಲ ಬಹುಪಾಲು ಕುಲದ ಸಾಂಪ್ರದಾಯಿಕ ಒಡೆತನದ್ದು. ಕಾಗದ ಒಬ್ಬರ ಬಳಿ, ದಾರಿ ಇನ್ನೊಬ್ಬರ ಬಳಿ. ಎರಡರಲ್ಲಿ ಒಂದನ್ನು ಬಿಟ್ಟವರ ಗತಿ ಏನಾಗುತ್ತದೆ ಎಂಬುದಕ್ಕೆ ‘ಸ್ವಾಂಪ್ ಘೋಸ್ಟ್’ ಎಂಬ ಬಿ-17 ಸಾಕು. 2006ರಲ್ಲಿ ಜೌಗಿನಿಂದ ಎತ್ತಿದ ಆ ಬಾಂಬರ್ ಹೊರಸಾಗಣೆಯ ವಿವಾದದಲ್ಲಿ ಸಿಕ್ಕಿ, ಅಮೆರಿಕ ತಲುಪಲು ವರ್ಷಗಳೇ ಹಿಡಿದವು.

ಜಾಗದ ನಿಖರ ಗುರುತನ್ನು ಹೊರಹಾಕದಿರುವುದೂ ಕೆಲಸದ ಭಾಗವೇ. ನ್ಯೂಗಿನಿಯ ಎಷ್ಟೋ ಅವಶೇಷಗಳು ಯುದ್ಧದ ನಂತರ ಅಲ್ಯೂಮಿನಿಯಂ ಗುಜರಿಗೆ ಕರಗಿದವು. ಈಗಿನ ಅಪಾಯ ನೆನಪಿಗೆಂದು ಒಂದೊಂದು ತುಂಡು ಜೇಬಿಗಿಳಿಸುವವರದು. ಮೊದಲು ಹೋಗುವುದು ಅಂಕಿ ಇರುವ ತುಂಡೇ.

ಹೂತ ಮೂಗು

ಎಲ್ಲರ ಪ್ರಶ್ನೆ ಇದೇ: ಅಗೆದರೆ ಚಿತ್ರ ಸಿಗುತ್ತದೆಯೇ?

ಮೊದಲು ಅಪಾಯ. ಪ್ರತಿ ಮಷೀನ್‌ಗನ್‌ಗೆ 500ರಂತೆ ನಾಲ್ಕಕ್ಕೆ 2,000 ಗುಂಡು, ಫಿರಂಗಿಗೆ 150. ಇದು ಪಿ-38ಜೆ ಹೊರುವ ಪೂರ್ಣ ಹೊರೆ. ತುಂಬಿಕೊಂಡು ಹಾರಿದ್ದರೆ ಅಷ್ಟೂ ಮೂಗಿನಲ್ಲೇ ಇದೆ. 20 ಮಿ.ಮೀ. ಗುಂಡಿನಲ್ಲಿ ಸ್ಫೋಟಕ ಇರುತ್ತದೆ, ಹಳೆಯದಾದಷ್ಟೂ ಅದು ನಂಬಿಕೆಗೆ ಅರ್ಹವಲ್ಲ. ಮದ್ದುಗುಂಡು ನಿಷ್ಕ್ರಿಯಗೊಳಿಸುವವರಿಲ್ಲದೆ ಗುದ್ದಲಿ ಇಳಿಸುವ ಮಾತೇ ಇಲ್ಲ.

ಎರಡನೆಯದು ಲೋಹ. ಒದ್ದೆ ಮಣ್ಣಿನಲ್ಲಿ ಅಲ್ಯೂಮಿನಿಯಂ ಉಕ್ಕಿಗೆ ತಾಗಿಕೊಂಡಿದ್ದರೆ ಬ್ಯಾಟರಿಯ ಎರಡು ತುದಿಗಳಂತಾಗಿ, ಅಲ್ಯೂಮಿನಿಯಂ ತಾನೇ ಕರಗಿ ಉಕ್ಕನ್ನು ಉಳಿಸುತ್ತದೆ. ಪಿ-38ರಲ್ಲಿ ಐದು ಬಂದೂಕಿನ ಉಕ್ಕು ತೆಳು ತಗಡಿನೊಳಗೆ ತುಂಬಿರುವುದು ಮೂಗಿನಲ್ಲೇ. ಇಡೀ ವಿಮಾನದಲ್ಲಿ ತಗಡು ಉಳಿಯಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಚಿತ್ರ ಇದ್ದದ್ದು ಆ ತಗಡಿನ ಮೇಲೆ. ರೆಕ್ಕೆತುದಿ ಇದಕ್ಕೆ ತದ್ವಿರುದ್ಧ: ಉಕ್ಕಿಲ್ಲ, ಭಾರವಿಲ್ಲ, ಸಿಡಿದು ಮರದ ನೆರಳಿಗೆ ಬಿದ್ದಿತು, ಮಳೆ ತೊಳೆದುಹೋಯಿತು, ನೀರು ನಿಲ್ಲಲಿಲ್ಲ. ಅಂಕಿ ಅಲ್ಲಿ ಉಳಿದದ್ದು ಆಕಸ್ಮಿಕವೇನಲ್ಲ.

ಆಸೆಗೆ ಒಂದು ಕಿಂಡಿ ಇದೆ. ಬಡಿತಕ್ಕೆ ತಗಡು ಹಪ್ಪಳದಂತೆ ಒಳಮಡಿಚಿ, ಬಣ್ಣದ ಮುಖ ಒಳಗೆ ಸಿಕ್ಕಿ, ಮಧ್ಯೆ ಮಣ್ಣು ನುಗ್ಗದಿದ್ದರೆ, ಹೆಸರಿನ ಅಕ್ಷರದ ತುಣುಕೋ ಬಾವುಟದ ಕೆಂಪೋ ಮಡಿಕೆಯೊಳಗೆ ಉಳಿದಿರಬಹುದು. ಮಡಿಕೆ ಸಿಕ್ಕರೆ ಅಲ್ಲೇ ಬಿಡಿಸಬಾರದು. ಜಾಗದ ನೀರಿನಲ್ಲೇ ಒದ್ದೆಯಾಗಿಟ್ಟು, ಪಾಲಿಥೀನ್‌ನಲ್ಲಿ ಸುತ್ತಿ, ಬಿಸಿಲು ತಾಗದಂತೆ ಪ್ರಯೋಗಾಲಯಕ್ಕೆ ಒಯ್ಯಬೇಕು. ಬೇಗ ಒಣಗಿದರೆ ತುಕ್ಕುಪದರ ಬಿಳಿ ಪುಡಿಯಾಗಿ ಉದುರುತ್ತದೆ, ಬಣ್ಣ ಅದರ ಜೊತೆ ಹೋಗುತ್ತದೆ. ಕಾಗದದ ಮುಖದ ಬಗ್ಗೆ ಹೇಳುವುದಾದರೆ, ಹೆಚ್ಚೆಂದರೆ ವಾರ್ನಿಷ್‌ನ ಚೂರೊಂದು. ಅದಕ್ಕಾಗಿ ಕೊರಕಲಿನ ಅಂಚನ್ನು ಅಗೆದು, ಮುಂದಿನ ಮಳೆಗೆ ಎರಡೂ ಎಂಜಿನ್ ಕೆಳಕ್ಕೆ ಜಾರುವಂತೆ ಮಾಡುವುದು ನಮ್ಮ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

ಸುಪೀರಿಯರ್‌ನಲ್ಲಿ ನಿಂತಿರುವುದು

ಬಾಂಗ್ ಕೇಂದ್ರದಲ್ಲಿ ಮಾರ್ಜ್ ಹೆಸರು, ಮಾರ್ಜ್ ಮುಖ ಹೊತ್ತ ಒಂದು ಪಿ-38 ಇದೆ. ಅದು 44-53236, ಎಲ್ ಮಾದರಿ. 1955ರಿಂದ ಪಾಪ್ಲರ್‌ನಲ್ಲಿ ಬಯಲಿನಲ್ಲಿ ನಿಲ್ಲಿಸಿದ್ದದ್ದನ್ನು ಆಮೇಲೆ ಪುನರುಜ್ಜೀವನಗೊಳಿಸಿದರು, ಕೇಂದ್ರ 2002ರಲ್ಲಿ ತೆರೆಯಿತು. ಬಾಂಗ್ ಅದನ್ನು ಯುದ್ಧದಲ್ಲಿ ಹಾರಿಸಿಲ್ಲ. ಎಡರೆಕ್ಕೆಯ ಮುಂದಿನ ಅಂಚಿನಲ್ಲಿ ಕೂರಿಸಿದ ಲ್ಯಾಂಡಿಂಗ್ ದೀಪ ನೋಡಿದರೆ ಎಲ್ ಮಾದರಿ ಎಂದು ಬಲ್ಲವರಿಗೆ ದೂರದಿಂದಲೇ ತಿಳಿಯುತ್ತದೆ. ಮಾದರಿ ಕಟ್ಟುವವರು ಅದನ್ನೇ ನೋಡಿ ಜೆ-15 ಮಾಡಲು ಹೊರಟರೆ ಮೊದಲ ತಪ್ಪು ಅಲ್ಲೇ ಆಗುತ್ತದೆ.

ಹಾಗಾಗಿ ಈಗ ಮಾರ್ಜ್ ಮೂರು ಕಡೆ ಇದೆ: ಮುಖ ಹಳೆಯ ಫೋಟೊಗಳಲ್ಲಿ, ಆಕಾರ ಸುಪೀರಿಯರ್‌ನ ಬೇರೊಂದು ವಿಮಾನದಲ್ಲಿ, ಲೋಹ ಮಡಾಂಗ್‌ನ ಕೊರಕಲಿನಲ್ಲಿ. ಯಾವುದಾದರೂ ತುಂಡು ಮುಂದೊಮ್ಮೆ ಗಾಜಿನ ಪೆಟ್ಟಿಗೆಗೆ ಬಂದರೆ ಅದರ ಚೀಟಿಯಲ್ಲಿ ‘ಬಾಂಗ್ ವಿಮಾನ’ ಎಂದಷ್ಟೇ ಬರೆದರೆ ಸಾಲದು. ಸಂಖ್ಯೆ, ಮಾದರಿ, ಬಿದ್ದಾಗ ಹಾರಿಸುತ್ತಿದ್ದವರ ಹೆಸರು, ತುಂಡು ಸಿಕ್ಕ ಸ್ಥಿತಿ, ಅಂಕಿ ಬರೆದದ್ದೋ ಒತ್ತಿದ್ದೋ, ಯಾರ ಅನುಮತಿಯ ಮೇಲೆ ತಂದದ್ದು, ಇಷ್ಟೂ ಅದರಲ್ಲಿರಬೇಕು.